ಹುಳುಮನೆಯಲ್ಲಿ ಎಲ್‌ಕೆಜಿ

ಈಚೆಗೆ ಒಬ್ಬರು ನನ್ನನ್ನು ಮೂಸಿ ನೋಡಿದರು.

ಹೌದು, ನೀವು ಸರಿಯಾಗಿಯೇ ಓದಿದ್ದೀರಿ. ಸಂತೆಯಲ್ಲಿ ಹಲಸಿನ ಹಣ್ಣು ಮೂಸುತ್ತೀವಲ್ಲ, ಹಾಗೆ. ಮೊದಲು ಸೀರೆಯ ಸೆರಗು, ಆಮೇಲೆ ಕೈ, ಕೊನೆಗೆ ಕೂದಲು. ಮೂಸಿ ಮುಗಿದ ಮೇಲೆ ಮುಖ ಸಿಂಡರಿಸಿಕೊಂಡು ತೀರ್ಪು ಕೊಟ್ಟರು: "ಇವ್ಳು ಒಳಿಕ್ಕೆ ಬರಂಗಿಲ್ಲ."

ಐವತ್ತು ದಾಟಿದ ಹೆಂಗಸು ನಾನು. ಬ್ಯಾಂಕಿನಲ್ಲಿ ಇಪ್ಪತ್ತೈದು ವರ್ಷ ಕೌಂಟರಿನ ಈಚೆ ಕೂತು ಊರವರಿಗೆಲ್ಲ "ನಾಳೆ ಬನ್ನಿ" ಎಂದವಳು. ನನ್ನನ್ನೇ ಬಾಗಿಲಲ್ಲಿ ನಿಲ್ಲಿಸಿ ವಾಪಸ್ ಕಳಿಸುವವರು ಇರಬಹುದು ಎಂದು ಕನಸಲ್ಲೂ ಎಣಿಸಿರಲಿಲ್ಲ. ಅದೂ ಯಾವ ಬಾಗಿಲು? ಒಂದು ಎಲ್‌ಕೆಜಿ ಕ್ಲಾಸಿನ ಬಾಗಿಲು!

ಮೊದಲಿಂದ ಹೇಳುತ್ತೇನೆ.

"ಅಕ್ಕ, ನೀನು ಚೆನ್ನಾಗಿ ಚಿತ್ರ ಬರೀತೀಯಲ್ಲ?" ಎಂದು ಶುರುವಾಗುವ ಫೋನನ್ನು ಯಾವತ್ತೂ ನಂಬಬೇಡಿ. ಹೊಗಳಿಕೆಯ ಬೆನ್ನಿಗೇ ಕೆಲಸ ಇರುತ್ತದೆ. ಫೋನು ಮಾಡಿದವಳು ಮಂಗಳ, ನನ್ನ ಚಿಕ್ಕಮ್ಮನ ಮಗಳು. ಮಳವಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. (ಅತಿಥಿ ಎನ್ನುವುದು ಹೆಸರಿಗೆ. ಕಾಫಿ ಕೊಡುವವರು ಯಾರೂ ಇಲ್ಲ, ಕೆಲಸ ಕೊಡುವವರೇ ಎಲ್ಲ.) ಬೆಳಕವಾಡಿ ಕಡೆಯ ಒಂದು ಊರು. ಊರಿನ ಹೆಸರು ಬರೆಯುವುದಿಲ್ಲ. ಇಲಾಖೆಯವರೂ ಈ ಅಂಕಣ ಓದುತ್ತಾರೆ ಎಂದು ನನಗೊಂದು ಭ್ರಮೆ.

ಆ ಶಾಲೆಗೆ ಈ ವರ್ಷ ಹೊಸದಾಗಿ ಎಲ್‌ಕೆಜಿ ಬಂದಿದೆ. ಎಲ್‌ಕೆಜಿಗೆ ಮಂಗಳಾನೇ ಮಿಸ್ಸು. ಆದರೆ ಮಕ್ಕಳು ಬಂದರೆ ಮಾತ್ರ ಮಿಸ್ಸು. ಬರದಿದ್ದರೆ ಕ್ಲಾಸೂ ಇಲ್ಲ, ಮಿಸ್ಸೂ ಇಲ್ಲ, ಮನೆಗೆ ಹೋಗಿ ಅನ್ನ ಬಸಿಯುವುದು. ಊರಿಗೆ ದಿನಾ ಬೆಳಿಗ್ಗೆ ಪ್ರೈವೇಟ್ ಸ್ಕೂಲಿನ ಹಳದಿ ವ್ಯಾನು ಬೇರೆ ಬರುತ್ತದೆ. ಬೇಸಿಗೆ ರಜೆಯೆಲ್ಲ ಅವಳು ಮನೆಮನೆ ತಿರುಗಿದ್ದಾಳೆ. ತಾಯಂದಿರು ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. "ಸ್ಕೂಲ್ ಶುರುವಾದ ದಿನ ಕೂಸ್ನ ಕರ್ಕೊಂಡು ಬತ್ತೀವಿ. ರೂಮು ಎಂಗದೆ ನೋಡ್ತೀವಿ. ಆಮ್ಯಾಕೆ ಯೋಳ್ತೀವಿ" ಅಂದಿದ್ದಾರೆ.

ಅಂದರೆ ಎಲ್ಲವೂ ರೂಮಿನ ಮೇಲೆ ನಿಂತಿದೆ.

"ಗೋಡೆ ಮೇಲೆ ಆನೆ, ಜಿಂಕೆ, ಸೂರ್ಯ, ಒಂದು ರೈಲು. ಅಷ್ಟು ಬರ್ಕೊಟ್ರೆ ಸಾಕು ಕಣಕ್ಕ. ಬಣ್ಣ ನೀನೇ ತಂದ್ಬಿಡು" ಎಂದಳು ಮಂಗಳ. ನೋಡಿದಿರಾ? ಚಿತ್ರದಿಂದ ಶುರುವಾಗಿ ಬಣ್ಣದ ಡಬ್ಬಕ್ಕೆ ಬಂತು.

ಶಾಲೆ ಶುರುವಾಗುವುದು ಸೋಮವಾರ. ನಾನು ಶುಕ್ರವಾರವೇ ಹೊರಟೆ. ಮಂಡ್ಯದ ಹಾರ್ಡ್‌ವೇರ್ ಅಂಗಡಿಯಲ್ಲಿ ಆಯಿಲ್ ಪೇಂಟು, ಥಿನ್ನರು, ಬ್ರಶ್ಶು ಎಲ್ಲ ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದರೆ ಕಂಡಕ್ಟರ್ ಚೀಲದ ಕಡೆ ನೋಡಿದ. "ಅಮ್ಮಾ, ನಿಮಗೆ ಫ್ರೀ. ಡಬ್ಬಕ್ಕೆ ಫ್ರೀ ಇಲ್ಲ." ಡಬ್ಬ ಕೂಡ ಹೆಂಗಸರದ್ದೇ ಕಣಪ್ಪ ಎಂದು ವಾದಿಸಿದೆ. ಬಸ್ಸಿಗೆ ಬಸ್ಸೇ ನಕ್ಕಿತು, ಅವನೂ ನಕ್ಕು ಮುಂದೆ ಹೋದ. ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ಬಿಸಿ ವಡೆ ಕಣ್ಣಿಗೆ ಬಿತ್ತು. ತಿಂದೆ. ಮಂಗಳಾಗೂ ಕಟ್ಟಿಸಿಕೊಂಡೆ. ಥಿನ್ನರ್ ವಾಸನೆ, ಈರುಳ್ಳಿ ವಾಸನೆ, ಸಂಕೋಚಪಡದೆ ಹೇಳುವುದಾದರೆ ಬೆಳಿಗ್ಗೆ ಹಾಕಿಕೊಂಡಿದ್ದ ಸೆಂಟಿನ ವಾಸನೆ, ಮೂರೂ ಬೆರೆತು ಮಳವಳ್ಳಿಯ ಹೊತ್ತಿಗೆ ಪಕ್ಕದ ಸೀಟಿನವರು ಎದ್ದು ಹಿಂದಕ್ಕೆ ಹೋಗಿದ್ದರು.

ಆ ಸ್ಥಿತಿಯಲ್ಲಿ ನಾನು ಶಾಲೆಯ ಜಗಲಿ ಹತ್ತಿದ್ದು.

ಮಂಗಳ ಕಂಬಕ್ಕೆ ಒರಗಿ ನಿಂತಿದ್ದಳು. ಕಣ್ಣು ಕೆಂಪು. ಎಲ್‌ಕೆಜಿ ಕೋಣೆಯ ಬಾಗಿಲಿಗೆ ದೃಷ್ಟಿಗೆಂದು ಬೂದುಗುಂಬಳ ಕಟ್ಟಿತ್ತು. ಹೊಸ್ತಿಲಲ್ಲಿ ಸುಣ್ಣದ ಪುಡಿ ಎರಚಿತ್ತು. ಪಕ್ಕದಲ್ಲಿ ಕಾಲು ತೊಳೆಯಲು ಬಕೆಟ್ ನೀರು. ಒಳಗಿಂದ ಎಂಥದೋ ಸದ್ದು. ನಮ್ಮ ಮನೆಯವರು ಹಪ್ಪಳ ತಿನ್ನುವಾಗ ಬರುತ್ತದಲ್ಲ, ಅಂಥ ನೂರು ಜನ ಒಟ್ಟಿಗೆ ಕೂತು ತಿಂದ ಹಾಗೆ.

"ಏನೇ ಅದು?" ಎಂದೆ.

"ಹುಳು" ಎಂದಳು ಮಂಗಳ. "ರೇಷ್ಮೆ ಹುಳು. ಕೆಂಪಮ್ಮನೋರದ್ದು."

ಅಷ್ಟರಲ್ಲಿ ಒಳಗಿಂದ ಕೆಂಪಮ್ಮ ಬಂದರು. ಅರವತ್ತರ ಆಸುಪಾಸು, ಎತ್ತಿ ಕಟ್ಟಿದ ಸೀರೆ, ಬಾಗಿಲಿಗಿಂತ ಅಗಲವಾಗಿ ನಿಲ್ಲುವ ಕಲೆ. ಬಂದವರೇ ನನ್ನನ್ನು ಮೂಸಿದರು. ಮುಂದಿನದು ನಿಮಗೆ ಗೊತ್ತು.

"ಪೇಂಟು ವಾಸ್ನೆ, ಈರುಳ್ಳಿ ವಾಸ್ನೆ, ಅತ್ತರು ಬೇರೆ! ಏನವ್ವ, ನನ್ ಉಳ ಸಾಯಿಸ್ಬೇಕು ಅಂತ್ಲೇ ಬಂದಿದ್ದೀಯಾ? ಆ ಡಬ್ಬನ ಮೊದ್ಲು ಗೇಟಿಂದಾಚಿಕೆ ಇಟ್ ಬಾ."

ನಾನು ಇಟ್ಟು ಬಂದೆ. ಯಾಕೆ ಇಟ್ಟೆ ಎಂದು ಈಗಲೂ ಗೊತ್ತಿಲ್ಲ. ಕೆಲವರ ದನಿಯೇ ಹಾಗೆ, ಮೊದಲು ಕಾಲು ನಡೆಯುತ್ತದೆ, ಆಮೇಲೆ ತಲೆ ಕೇಳುತ್ತದೆ.

ಆಗಿದ್ದು ಇಷ್ಟು. ಮೇ ತಿಂಗಳ ಗಾಳಿಮಳೆಗೆ ಕೆಂಪಮ್ಮನವರ ಹುಳುಮನೆಯ ಶೀಟುಗಳು ಹಾರಿಹೋದವು. ಆ ಹೊತ್ತಿಗೆ ಹುಳು ಇನ್ನೂ ಎಳೆಯವು. ಅವನ್ನು ಎಲ್ಲಿಡುವುದು? ಕೆಂಪಮ್ಮ ಎಸ್‌ಡಿಎಂಸಿ, ಅಂದರೆ ಶಾಲಾ ಸಮಿತಿಯ ಮೆಂಬರು. ಶಾಲೆಗೆ ರಜೆ. ಒಂದು ಕೋಣೆಯಲ್ಲಿ ಒಂದರಿಂದ ಐದರವರೆಗೆ ಪಾಠ, ಇನ್ನೊಂದು ಕೋಣೆ ಖಾಲಿ. ಹೆಡ್‌ಮಾಸ್ಟರು ಸಾಧು ಪ್ರಾಣಿ. "ನಾಕು ದಿನದ ಮಟ್ಟಿಗೆ" ಎಂದು ಬೀಗದ ಕೈ ಕೊಟ್ಟು ತಾವು ಟ್ರೈನಿಂಗಿಗೆ ಹೋದರು. ನಾವು ಫೋನು ಮಾಡಿದಾಗಲೂ ಟ್ರೈನಿಂಗಿನಲ್ಲೇ ಇದ್ದರು. "ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ" ಎಂದರು. ಆಮೇಲೆ ಸಿಗ್ನಲ್ ಹೋಯಿತು. (ಸರ್ಕಾರಿ ನೌಕರಿಯಲ್ಲಿ ಸಿಗ್ನಲ್ ಯಾವಾಗ ಹೋಗಬೇಕೆಂದು ಅದಕ್ಕೇ ಗೊತ್ತಿರುತ್ತದೆ.)

ಹುಳು ಬೆಳೆಸದ ಓದುಗರಿಗಾಗಿ ಒಂದು ಮಾತು. ರೇಷ್ಮೆ ಹುಳುವಿನಷ್ಟು ನಾಜೂಕಿನ ನೆಂಟರು ಬೇರೆ ಇಲ್ಲ. ಅದಕ್ಕೆ ಊದಿನಕಡ್ಡಿ ಹೊಗೆ ಆಗದು, ಫಿನಾಯಿಲ್ ಆಗದು, ಸೊಳ್ಳೆ ಬತ್ತಿ ಆಗದು. ಹುಟ್ಟಿ ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮೊದಲು ತಲೆ ಎತ್ತಿ ಅಲ್ಲಾಡದೆ ಕೂತುಬಿಡುತ್ತದೆ. ಅದಕ್ಕೆ ನಮ್ಮ ಕಡೆ "ಜ್ವರ" ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕುವುದಿಲ್ಲ, ಮುಟ್ಟುವುದಿಲ್ಲ, ಜಾಗ ಬದಲಿಸುವುದಿಲ್ಲ. ಅದಾಗಿಯೇ ಜ್ವರ ಎದ್ದು ಹೊಸ ಚರ್ಮದಲ್ಲಿ ಹಸಿವು ಎನ್ನುವವರೆಗೆ ಮನೆಮಂದಿ ಕಾಯುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹಗಲೂ ರಾತ್ರಿ ತಿಂದು, ಹಣ್ಣಾಗಿ, ಗೂಡು ಕಟ್ಟಲು ಶುರು.

ಕೆಂಪಮ್ಮನವರ ಹುಳು ಈಗ ಹಗಲೂ ರಾತ್ರಿ ತಿನ್ನುವ ಹಂತದಲ್ಲಿದ್ದವು. ಇನ್ನು ಎರಡು ಮೂರು ದಿನಕ್ಕೆ ಹಣ್ಣು. ಸರಿಯಾಗಿ ಸೋಮವಾರಕ್ಕೆ!

"ಸೋಮವಾರ ಮಕ್ಕಳು ಬರ್ತಾರೆ ಕೆಂಪಮ್ಮನೋರೆ" ಎಂದಳು ಮಂಗಳ.

"ಬರ್ಲಿ. ನಂದೇನು ಅಡ್ಡಿ? ಜಗ್ಲಿ ಮ್ಯಾಗೆ ಕೂರುಸ್ಕೊ."

"ರೂಮ್ ನೋಡಕ್ಕೆ ಬರ್ತಿರೋದು ಅವರು!"

"ಅಯ್ಯೋ, ರೂಮ್ ಎಲ್ಗೋದದು? ನಾಕು ಗ್ವಾಡೆ. ಆಮ್ಯಾಕೆ ನೋಡ್ತರೆ ಬುಡು."

ಮಂಗಳ ಸಾಮಾನ್ಯವಾಗಿ ಜೋರು ಮಾತಾಡುವವಳಲ್ಲ. ಆವತ್ತು ಅವಳಿಗೂ ತಡೆಯಲಾಗಲಿಲ್ಲ. ಯಾಕೆಂದರೆ ಕೆಂಪಮ್ಮನ ಮೊಮ್ಮಗಳು ರಿಷಿಕಾಗೆ ಈಗ ನಾಲ್ಕು ತುಂಬಿದೆ. ಸರಿಯಾಗಿ ಎಲ್‌ಕೆಜಿ ವಯಸ್ಸು. ಆ ಕೂಸಿಗೆ ಹಳದಿ ವ್ಯಾನಿನ ಸ್ಕೂಲಿನಲ್ಲಿ ಸೀಟಾಗಿದೆ. ಯೂನಿಫಾರಂ ಬಂದಿದೆ, ಟೈ ಬಂದಿದೆ, ಶೂ ಬಂದಿದೆ. ಇನ್ನು ಆ ಬೀದಿಯಲ್ಲಿ ಕೆಂಪಮ್ಮ ಯಾವ ಅಂಗಡಿಯಲ್ಲಿ ಬೇಳೆ ತರುತ್ತಾರೋ ಎಲ್ಲರೂ ಅಲ್ಲೇ ತರುವುದು. ಅವರು ವ್ಯಾನು ಎಂದರೆ ಬೀದಿಗೆ ಬೀದಿಯೇ ವ್ಯಾನು.

"ನಿಮ್ಮ ಹುಳಕ್ಕೆ ನಮ್ಮ ಸ್ಕೂಲು ಬೇಕು. ನಿಮ್ಮ ಮೊಮ್ಮಗಳಿಗೆ ಮಾತ್ರ ಬೇಡ. ಇದ್ಯಾವ ನ್ಯಾಯ?" ಎಂದಳು ಮಂಗಳ.

ಕೆಂಪಮ್ಮ ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ಹೇಳಿದರು: "ನೋಡು ಮಿಸ್ಸು, ಸಿಟ್ ಮಾಡ್ಕೊಬ್ಯಾಡ. ಉಳ ಒಂದು ತಿಂಗ್ಳ ಬೆಳೆ. ಈ ಸಲ ಕೆಟ್ರೆ ಮುಂದಿನ ಸಲ ನೋಡ್ಕತ್ತೀನಿ. ಕೂಸು ಅಂಗಾ? ಅದ್ರ ಬದುಕು ಅದೆ ಮುಂದೆ. ಇಂಗ್ಲೀಸು ಬ್ಯಾಡ್ವಾ?"

ಇದಕ್ಕೆ ಏನು ಉತ್ತರ ಕೊಡುತ್ತೀರಿ? ನನ್ನ ಮಕ್ಕಳನ್ನು ನಾನೂ ವ್ಯಾನು ಹತ್ತಿಸಿದವಳೇ.

ಅಂತೂ ಬಣ್ಣದ ಆಸೆ ಬಿಟ್ಟೆವು. ಕೋಣೆಯ ಆಸೆಯನ್ನೂ ಬಿಟ್ಟೆವು. ಉಳಿದದ್ದು ಜಗಲಿ. ಅದನ್ನಾದರೂ ಸಿಂಗಾರ ಮಾಡೋಣ ಎಂದರೆ ಅಲ್ಲಿಯೂ ಕೆಂಪಮ್ಮನ ಮೂಗಿನ ಕಾವಲು. ಗಮ್ ತೆಗೆದರೆ "ಏನದು ವಾಸ್ನೆ?" ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದರೆ "ಮುಚ್ಚು, ಮುಚ್ಚು!" ಕೊನೆಗೆ ಅನ್ನದ ಗಂಜಿಯಲ್ಲಿ ಬಣ್ಣದ ಕಾಗದ ಅಂಟಿಸಿದೆವು. ಮಾವಿನೆಲೆ ತೋರಣ ಕಟ್ಟಿದೆವು. ನಾನು ಸೀಮೆಸುಣ್ಣದಲ್ಲಿ ಜಗಲಿಯ ಗೋಡೆಯ ಮೇಲೆ ಆನೆ ಬರೆದೆ. ಬೆವರು ಸುರಿಸಿ, ಸೊಂಟ ಹಿಡಿದುಕೊಂಡು, ಮನಸ್ಸಿಟ್ಟು ಬರೆದೆ.

ಸೊಪ್ಪಿನ ಹೊರೆ ಹೊತ್ತು ಬಂದ ಕೆಂಪಮ್ಮ ನಿಂತು ನೋಡಿದರು. "ಮಕ್ಳು ಸ್ಕೂಲಲ್ಲಿ ಅಂದಿ ಯಾಕವ್ವ ಬರ್ದಿದ್ದೀಯ?"

ಹಂದಿ! ಸೊಂಡಿಲು ಕಾಣಲಿಲ್ಲವೇ ಆ ಕಣ್ಣಿಗೆ? ನಾನು ಸೊಂಡಿಲನ್ನು ಇನ್ನೊಂದು ಮೊಳ ಉದ್ದ ಮಾಡಿದೆ.

ಮಂಡ್ಯಕ್ಕೆ ವಾಪಸ್ ಬರುವಾಗ ಮಂಗಳ ಬಸ್ ಸ್ಟಾಪಿನವರೆಗೆ ಬಂದಳು. ವಡೆ ಕೈಯಲ್ಲೇ ಇತ್ತು, ತಿಂದಿರಲಿಲ್ಲ. "ಸೋಮವಾರ ಯಾರೂ ಬರಲ್ಲ ಕಣಕ್ಕ" ಎಂದಳು. ಧೈರ್ಯ ಹೇಳಲು ಹೋಗಿ, "ಸೋಮವಾರ ನಾನೂ ಬರ್ತೀನಿ" ಎಂದುಬಿಟ್ಟೆ.

(ಭಾನುವಾರ ನಮ್ಮ ಮಂಡ್ಯದ ಬೀದಿಯ ಪ್ಲೇ ಹೋಮಿನ ಮುಂದೆ ಹಾದುಹೋದೆ. ಅಲ್ಲೂ ಸೋಮವಾರದ ತಯಾರಿ. ಗೋಡೆಗೆ ಕಣ್ಣು ಕುಕ್ಕುವ ಹೊಸ ಪೇಂಟು. ನೆಲಕ್ಕೆ ಪ್ಲಾಸ್ಟಿಕ್ ಮ್ಯಾಟು. ಬಾಗಿಲಲ್ಲಿ ಬಲೂನಿನ ಕಮಾನು. ಗೇಟಿಗೆ ಒಂದು ಬೋರ್ಡು: ಪೋಷಕರು ಇಲ್ಲಿಂದ ಮುಂದೆ ಬರಬಾರದು. ಇದ್ದಕ್ಕಿದ್ದಂತೆ ಹೊಟ್ಟೆಕಿಚ್ಚಾಯಿತು. ಪಾಪ, ಮಂಗಳಾಗೆ ಒಂದು ಬಲೂನೂ ಇಲ್ಲವಲ್ಲ ಎಂದು.)

ಸೋಮವಾರ ಬೆಳಿಗ್ಗೆ ನಾನು ಹೋದಾಗ ಜಗಲಿಯ ತುಂಬ ಚಂದ್ರಿಕೆಗಳು. ಹಣ್ಣಾದ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ತಟ್ಟಿಗಳು. ಅವನ್ನು ಸಾಲಾಗಿ ನನ್ನ ಆನೆಯ ಮೇಲೇ ಒರಗಿಸಿದ್ದರು. ಸೊಂಡಿಲಿನ ತುದಿ ಮಾತ್ರ ಕಾಣುತ್ತಿತ್ತು.

ಕೆಂಪಮ್ಮ ಒಳಗೂ ಹೊರಗೂ ಓಡಾಡುತ್ತಿದ್ದರು. ಮೊದಲ ಬಾರಿಗೆ ಆ ಮುಖದಲ್ಲಿ ಗಾಬರಿ ಕಂಡೆ. "ಎಲ್ಲ ಒಟ್ಗೇ ಅಣ್ಣಾಗ್ಬುಟ್ಟವೆ ಕಣವ್ವ! ಬತ್ತೀವಿ ಅಂದಿದ್ ಆಳು ಒಬ್ರೂ ಬಂದಿಲ್ಲ. ಮಗ ಸೊಸೆ ಇಬ್ರೂ ಒಳಗವ್ರೆ, ಎಷ್ಟ್ ಅಂತ ಆಯ್ತರೆ?" ಹಣ್ಣಾದ ಹುಳವನ್ನು ಹೊತ್ತಿಗೆ ಸರಿಯಾಗಿ ಆಯ್ದು ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಹಾಳು. ತಿಂಗಳ ದುಡಿಮೆ ಒಂದು ಬೆಳಿಗ್ಗೆಯಲ್ಲಿ ಮಣ್ಣುಪಾಲು.

ನಡುವೆ ರಿಷಿಕಾ. ಇಸ್ತ್ರಿ ಮಾಡಿದ ಯೂನಿಫಾರಂ, ಕೆಂಪು ಟೈ, ಎರಡು ಜುಟ್ಟು, ತನಗಿಂತ ದೊಡ್ಡ ಬ್ಯಾಗು. ಗೇಟಿನ ಹತ್ತಿರ ವ್ಯಾನಿಗಾಗಿ ಕಾಯುತ್ತಿದ್ದಳು. ತುಟಿ ಆಗಲೇ ಸೊಟ್ಟಗಾಗಿತ್ತು. ಎಲ್ಲ ತಾಯಂದಿರಿಗೂ ಗೊತ್ತಿರುವ ಸೊಟ್ಟ ತುಟಿ ಅದು.

ಅಷ್ಟು ಹೊತ್ತಿಗೆ ತಾಯಂದಿರು ಬಂದರು. ಒಳ್ಳೆಯ ಸೀರೆ ಉಟ್ಟು, ಹೂವು ಮುಡಿದು, ಮಕ್ಕಳ ಕೈ ಹಿಡಿದು, ರೂಮು ನೋಡಲೆಂದೇ ಬಂದವರು. ಮಂಗಳ ಓಡಿಹೋಗಿ ಅಡ್ಡ ನಿಂತಳು. "ರೂಮು ಇನ್ನೂ ರೆಡಿ ಇಲ್ಲ, ಅದು ಏನಾಯ್ತು ಅಂದ್ರೆ..." ಎಂದು ತಡವರಿಸುತ್ತಿದ್ದಳು.

ಒಬ್ಬಾಕೆ ಅವಳನ್ನು ಪಕ್ಕಕ್ಕೆ ಸರಿಸಿ ಚಂದ್ರಿಕೆ ನೋಡಿದಳು. ಒಳಗೆ ಬಗ್ಗಿ ನೋಡಿದಳು. "ಅಯ್ಯೋ ಕೆಂಪಕ್ಕ! ಎಲ್ಲ ಅಣ್ಣಾಗಿ ತಲೆ ಎತ್ಕಂಡು ಕೂತವಲ್ಲ! ಯೋಳ್ಬಾರ್ದಾ?"

ಆಮೇಲೆ ನಡೆದದ್ದಕ್ಕೆ ಯಾರೂ ಯಾರನ್ನೂ ಕರೆಯಲಿಲ್ಲ. ಹುಳು ಬೆಳೆಯುವ ಊರಿನಲ್ಲಿ ಹುಟ್ಟಿದ ಹೆಂಗಸಿನ ಕೈಲಿ ಹಣ್ಣಾದ ಹುಳವನ್ನು ನೋಡಿಕೊಂಡು ಸುಮ್ಮನೆ ನಿಲ್ಲಲು ಆಗುವುದಿಲ್ಲ. ಇವತ್ತು ನಿನ್ನ ಮನೆಗೆ ನಾನು, ನಾಳೆ ನನ್ನ ಮನೆಗೆ ನೀನು. ಮುಯ್ಯಾಳು ಎನ್ನುತ್ತಾರೆ. ಒಳ್ಳೆಯ ಸೀರೆಯನ್ನೇ ಎತ್ತಿ ಕಟ್ಟಿದರು, ಹೂವು ತೆಗೆದು ಕಂಬಕ್ಕೆ ಸಿಕ್ಕಿಸಿದರು, ಕಾಲು ತೊಳೆದು ಒಳಗೆ ನಡೆದರು. ಮಕ್ಕಳನ್ನು ಏನು ಮಾಡುವುದು? ಅವೂ ಕಾಲು ತೊಳೆದುಕೊಂಡು ತಾಯಿಯ ಸೆರಗು ಹಿಡಿದು ಒಳಗೆ ಹೋದವು. "ಸದ್ದು ಮಾಡ್ಬ್ಯಾಡಿ, ಉಳ ಗೂಡ್ ಕಟ್ತವೆ" ಎಂದು ಒಬ್ಬರು ಹೇಳಿದ್ದೇ ತಡ, ಎಲ್ಲ ಬಾಯಿಗೆ ಬೆರಳಿಟ್ಟುಕೊಂಡು ಕೂತವು.

ಎಲ್‌ಕೆಜಿಯ ಮೊದಲ ದಿನ ಇಷ್ಟು ನಿಶ್ಶಬ್ದವಾಗಿರುವುದನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಮಂಗಳ ಸ್ವಲ್ಪ ಹೊತ್ತು ಬೆಪ್ಪಾಗಿ ನಿಂತಿದ್ದಳು. ಆಮೇಲೆ ಅವಳೂ ಕಾಲು ತೊಳೆದು ಒಳಗೆ ಹೋಗಿ ಮಕ್ಕಳ ನಡುವೆ ಕೂತಳು. ಪಿಸುದನಿಯಲ್ಲಿ ಒಂದೊಂದೇ ಮಗುವಿನ ಹೆಸರು ಕೇಳಿದಳು. ಪಿಸುದನಿಯಲ್ಲೇ ಉತ್ತರ ಬಂತು. ಹುಳದ ಬಣ್ಣ ಯಾವುದು, ಅದರ ಕಣ್ಣು ಎಲ್ಲಿ, ಅದಕ್ಕೆ ಅಮ್ಮ ಯಾರು. ಕೊನೆಯ ಪ್ರಶ್ನೆಗೆ ಒಂದು ಹುಡುಗ ಯೋಚಿಸಿ ಹೇಳಿದ: "ಕೆಂಪಜ್ಜಿ."

ನನ್ನನ್ನು ಈ ಸಲವೂ ಒಳಗೆ ಬಿಡಲಿಲ್ಲ. ಸೆಂಟು ಹಾಕಿರಲಿಲ್ಲ, ವಡೆಯನ್ನೂ ತಿಂದಿರಲಿಲ್ಲ. "ಬ್ಯಾಡ, ಇವ್ಳ್ ಮ್ಯಾಗೆ ನಂಬ್ಕೆ ಇಲ್ಲ" ಎಂದರು ಕೆಂಪಮ್ಮ. ಹಾಗಾಗಿ ಇದೆಲ್ಲ ನಾನು ಕಿಟಕಿಯಲ್ಲಿ ನಿಂತು ನೋಡಿದ್ದು.

ಆಗ ಬಂತು ವ್ಯಾನು.

ಬಂದದ್ದೇ ಗೇಟಿನ ಮುಂದೆ ನಿಂತು ಪೋಂ ಎಂದು ಹಾರನ್ ಹೊಡೆಯಿತು. ಆ ಹಾರನ್ನಿಗೆ ಶಾಲೆಯ ಹಂಚೇ ಅದುರಿತು. ಒಳಗೆ ಕೆಂಪಮ್ಮ ಎರಡೂ ಕೈಯಲ್ಲಿ ಹುಳು ಹಿಡಿದಿದ್ದರು. ಇದ್ದಲ್ಲಿಂದಲೇ ಕೂಗಲು ಆಗದು, ಹುಳಕ್ಕೆ ಸದ್ದು ಆಗದಲ್ಲ. ಹುಳವನ್ನು ಸೊಸೆಯ ಕೈಗೆ ಸುರಿದು, ಬಾಯಿ ಮುಚ್ಚಿಕೊಂಡೇ ಗೇಟಿನವರೆಗೆ ಓಡಿ, ಅಲ್ಲಿಂದಾಚೆ ಬಾಯಿ ತೆಗೆದರು.

"ಲೋ ಸೀನಾ! ಆರನ್ ನಿಲ್ಸ್ಲಾ! ಉಳ ಅಣ್ಣಾಗವೆ, ಗೂಡ್ ಕಟ್ಟೋ ಒತ್ನಲ್ಲಿ ಬಂದು ಬಡ್ಕತ್ತಿದ್ದೀಯಾ? ಓಗ್ಲಾ ಮೊದ್ಲು ಇಲ್ಲಿಂದ!"

"ಅಜ್ಜಿ, ನಿಮ್ಮ್ ಕೂಸ್ನೇ ಕರ್ಕೊಂಡ್ ಓಗಕ್ಕೆ ಬಂದಿರೋದು ಕಣಜ್ಜಿ..."

"ಓಗು ಅಂದ್ನಲ್ಲಾ!"

ಸೀನ ಹೋದ. ಹೋಗದೆ ಏನು ಮಾಡುತ್ತಾನೆ? ನಾನೇ ಡಬ್ಬ ಆಚೆ ಇಟ್ಟು ಬಂದವಳು, ಅವನು ಯಾವ ಲೆಕ್ಕ.

ಆದರೆ ಹೊರಡುವ ಮುಂಚೆ ವ್ಯಾನು ಒಂದು ಗಳಿಗೆ ನಿಂತಿತಲ್ಲ, ಆಗ ಅದರೊಳಗಿನ ಸದ್ದು ಕೇಳಿಸಿತು. ಹೊಸ ಮಕ್ಕಳು. ಬೇರೆ ಊರುಗಳಲ್ಲಿ ಹತ್ತಿಸಿಕೊಂಡು ಬಂದವು. ಅವ್ವಾ ಎಂದು, ಅಮ್ಮಾ ಎಂದು, ಕೆಲವು ಬರೀ ಬಾಯಿ ತೆರೆದುಕೊಂಡು, ಅಷ್ಟೂ ಅಳುತ್ತಿದ್ದವು. ಒಂದು ಕೂಸು ಕಿಟಕಿಯ ಕಂಬಿ ಹಿಡಿದುಕೊಂಡು ಯಾರೆಂದು ಗೊತ್ತಿಲ್ಲದ ನನ್ನ ಕಡೆಗೇ ಕೈ ಚಾಚಿತು. ಪ್ರತಿ ಜೂನಿನಲ್ಲೂ ಈ ಸದ್ದು ನಮ್ಮ ಬೀದಿಯಲ್ಲಿ ಕೇಳುತ್ತದೆ. "ಒಂದು ವಾರ ಅಷ್ಟೇ ಮೇಡಂ, ಆಮೇಲೆ ಸರಿಹೋಗ್ತಾರೆ" ಎಂದು ಮಿಸ್ಸುಗಳು ಹೇಳುತ್ತಾರೆ. ನಿಜ, ಸರಿಹೋಗುತ್ತಾರೆ. ಸರಿಹೋಗುವವರೆಗೆ ಕಾಯಲು ನಮಗೆ ಯಾಕೆ ಪುರುಸೊತ್ತಿಲ್ಲ?

ವ್ಯಾನು ತಿರುವಿನಲ್ಲಿ ಮರೆಯಾದರೂ ಕೆಂಪಮ್ಮ ಗೇಟಿನಲ್ಲೇ ನಿಂತಿದ್ದರು. ಅವರಿಗೂ ಕೇಳಿಸಿತ್ತು. "ಏನ್ ಗೋಳಪ್ಪ ಅದು" ಎಂದರು. ಆಮೇಲೆ ನೆನಪಾಯಿತು, "ಅಯ್ಯೋ, ನನ್ ಕೂಸು ಎಲ್ಲಿ?"

ಗೇಟಿನ ಹತ್ತಿರ ಬ್ಯಾಗು ಮಾತ್ರ ಇತ್ತು. ಬ್ಯಾಗಿನ ಪಕ್ಕ ಶೂ. ಶೂ ಒಳಗೆ ಕಾಲುಚೀಲ, ಅಚ್ಚುಕಟ್ಟಾಗಿ ಮಡಚಿದ್ದು. ಹುಳುಮನೆಗೆ ಕಾಲಿಗೆ ಏನನ್ನೂ ಹಾಕಿಕೊಂಡು ಹೋಗಬಾರದೆಂದು ಆ ಕೂಸಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರಿಷಿಕಾ ಒಳಗೆ ಮಂಗಳಾಳ ತೊಡೆಗೆ ಒರಗಿ ಕೂತಿದ್ದಳು. ಟೈಯನ್ನು ಬೆನ್ನ ಮೇಲಕ್ಕೆ ತಿರುಗಿಸಿಕೊಂಡಿದ್ದಳು, ಹುಳದ ಮೇಲೆ ಬೀಳದಿರಲೆಂದು.

"ನಾಳಿಕ್ಕಿಂದ ವ್ಯಾನು ಕಣ್ ಮಿಸ್ಸು. ಇವತ್ತೊಂದಿನ ಇರ್ಲಿ" ಎಂದರು ಕೆಂಪಮ್ಮ.

"ಇರ್ಲಿ" ಎಂದಳು ಮಂಗಳ. ತಲೆ ಎತ್ತಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹುಳವೆಲ್ಲ ಚಂದ್ರಿಕೆಗೆ ಏರಿದವು. ಬಿಸಿಯೂಟ ಆಯಿತು. ಅರ್ಧ ಮಕ್ಕಳು ತಾಯಂದಿರ ಮಡಿಲಲ್ಲೇ ನಿದ್ದೆ ಹೋದವು. ಹೊರಡುವಾಗ ಒಬ್ಬಾಕೆ ಕಂಬದಿಂದ ಹೂವು ತೆಗೆದು ಮುಡಿದುಕೊಳ್ಳುತ್ತ ಹೇಳಿದಳು: "ರೂಮು ಚೆನ್ನಾಗದೆ ಬುಡಿ ಮಿಸ್ಸು."

ಯಾವ ರೂಮು? ಆಕೆ ನೋಡಿದ್ದು ಸೊಪ್ಪಿನ ಕಸ ಬಿದ್ದ ನಾಲ್ಕು ಬೋಳು ಗೋಡೆ! ಒಂದು ಆನೆ ಇತ್ತು, ಅದೂ ಚಂದ್ರಿಕೆಯ ಹಿಂದೆ. ಮಂಗಳ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ನಗು ತಡೆಯಲು ಆಗಲಿಲ್ಲ. ಅವಳದು ನಗುತ್ತಾ ನಗುತ್ತಾ ಅಳುವೇ ಆಯಿತು.

ಮರುದಿನ ರಿಷಿಕಾ ವ್ಯಾನು ಹತ್ತಲಿಲ್ಲವಂತೆ. ಹುಳು ಗೂಡು ಕಟ್ಟಿತಾ ನೋಡಬೇಕು ಎಂದಳಂತೆ. ಅದರ ಮರುದಿನ ಗೂಡು ಗಟ್ಟಿಯಾಯಿತಾ ನೋಡಬೇಕು ಎಂದಳಂತೆ. ಗೂಡು ಬಿಡಿಸುವ ದಿನ ಎಲ್‌ಕೆಜಿಗೆ ಎಲ್‌ಕೆಜಿಯೇ ಜಗಲಿಯಲ್ಲಿ ಕೂತು ಬಿಡಿಸಿತಂತೆ. ಈ ವರದಿಗಳನ್ನೆಲ್ಲ ಮಂಗಳ ದಿನಾ ಸಂಜೆ ಫೋನಿನಲ್ಲಿ ಕೊಡುತ್ತಿದ್ದಳು. ದನಿಯಲ್ಲಿ ಬಲೂನಿನ ಹಗುರ.

ಇಲ್ಲಿಗೆ ಇಡೀ ಊರು ಸರ್ಕಾರಿ ಎಲ್‌ಕೆಜಿಗೆ ಬಂತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಹಾಗಾಗಲಿಲ್ಲ. ಮೊದಲ ದಿನ ಬಂದವರಲ್ಲಿ ಕೆಲವರು ಆಮೇಲೆ ವ್ಯಾನಿಗೇ ಹೋದರು. ಇಂಗ್ಲಿಷಿನ ಆಸೆ ಹುಳದ ಗೂಡಿಗೆ ಬಗ್ಗುವಂಥದ್ದಲ್ಲ. ವ್ಯಾನು ದಿನಾ ಬರುತ್ತದೆ. ಕೆಂಪಮ್ಮನ ಭಯಕ್ಕೆ ಹಾರನ್ ಮಾತ್ರ ಹೊಡೆಯುವುದಿಲ್ಲ. ಆದರೂ ಕ್ಲಾಸು ನಡೆಯುವಷ್ಟು ಮಕ್ಕಳು ಉಳಿದರು, ಮಂಗಳ ಉಳಿದಳು. ಹೆಡ್‌ಮಾಸ್ಟರರೂ ಟ್ರೈನಿಂಗಿನಿಂದ ವಾಪಸಾಗಿ, "ನಾನು ಹೇಳಲಿಲ್ವಾ, ಅಡ್ಜಸ್ಟ್ ಆಗುತ್ತೆ ಅಂತ" ಎಂದರಂತೆ.

ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಯಿತು. ಕೋಣೆ ಖಾಲಿಯಾಯಿತು, ತೊಳೆದಾಯಿತು, ಮಕ್ಕಳು ಒಳಗೆ ಕೂತಾಯಿತು. ಇನ್ನೇನು ತಡೆ? ಹೋದ ಶುಕ್ರವಾರ ಮತ್ತೆ ಬಣ್ಣದ ಡಬ್ಬ ತೆಗೆದುಕೊಂಡು ಬಸ್ಸು ಹತ್ತಿದೆ. ಅದೇ ಕಂಡಕ್ಟರ್. "ಮತ್ತೆ ಬಂತಾ ಡಬ್ಬ?" ಎಂದ. ಈ ಸಲ ಆನೆಯನ್ನು ಯಾರೂ ಹಂದಿ ಎನ್ನದ ಹಾಗೆ ಬರೆಯುತ್ತೇನೆ ಎಂದು ಮನೆಯಲ್ಲಿ ಪ್ರಾಕ್ಟೀಸ್ ಕೂಡ ಮಾಡಿದ್ದೆ.

ಶಾಲೆಯ ಗೇಟು ದಾಟಿದೆ. ಜಗಲಿ ಹತ್ತಿದೆ. ಬೂದುಗುಂಬಳ ಅಲ್ಲೇ ತೂಗುತ್ತಿತ್ತು. ಹೊಸ್ತಿಲ ಪಕ್ಕ ಕಾಲು ತೊಳೆಯುವ ಬಕೆಟ್ಟು. ಬಾಗಿಲಿಗೆ ಅಡ್ಡವಾಗಿ, ಕಾಲು ಚಾಚಿಕೊಂಡು, ಕೆಂಪಮ್ಮ.

ಒಳಗಿಂದ ಮಕ್ಕಳ ಕಲಕಲ. ಅದರಲ್ಲಿ ಒಂದು ದನಿ ಎಲ್ಲರಿಗಿಂತ ಜೋರು. ಅಜ್ಜಿಯದೇ ಗಂಟಲು.

"ವ್ಯಾನಿಗೆ ಕಳಿಸಲಿಲ್ವಾ ಕೆಂಪಮ್ಮನೋರೆ?" ಎಂದೆ, ಬೇಕೆಂದೇ.

"ಟೈ ಸಿಕ್ತಿಲ್ಲ" ಎಂದರು, ನನ್ನ ಮುಖ ನೋಡದೆ. ಆಮೇಲೆ ಮೂಗು ಅರಳಿತು. ಚೀಲದ ಕಡೆ ತಿರುಗಿತು. "ಮತ್ತೆ ತಂದ್ಯಾ ಅದ್ನ?"

"ಈಗೇನು ತೊಂದರೆ? ಹುಳು ಹೋದವಲ್ಲ. ಒಳಗೆ ಮಕ್ಕಳು ಮಾತ್ರ ತಾನೆ ಇರೋದು?"

ಕೆಂಪಮ್ಮ ಚಾಚಿದ ಕಾಲನ್ನು ಸರಿಸಲಿಲ್ಲ. ಗೇಟಿನ ಕಡೆಗೆ ಕೈ ತೋರಿಸಿ ಕೇಳಿದರು:

"ಅಲ್ಲ ಕಣವ್ವ, ಉಳಕ್ಕೆ ಆಗ್ದಿದ್ ವಾಸ್ನೆ ಕೂಸಿಗ್ ಆಯ್ತದಾ?"